ತಟ್ಟೆಯ ಮೇಲಿನ ಹುಂಜ

ಫ್ರಾನ್ಸಿನ ಊಟದ ತಟ್ಟೆಗಳ ಬಗ್ಗೆ ಮೇಷ್ಟರಿಗೇನು ಕೆಲಸವೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು, ನಗಲಿ. 1866ರಲ್ಲಿ ಪ್ಯಾರಿಸ್ಸಿನ ವ್ಯಾಪಾರಿ ಯೂಜೀನ್ ರೂಸೋ, ತಟ್ಟೆ-ಬಟ್ಟಲುಗಳಿಗೆ ಚಿತ್ರ ಬರೆದುಕೊಡುವಂತೆ ಫೆಲಿಕ್ಸ್ ಬ್ರಾಕ್ಮೊಂ ಎಂಬ ಕಲಾವಿದನನ್ನು ಕೇಳಿದನು. ಬ್ರಾಕ್ಮೊಂ ಜಪಾನಿನ ಹೊಕುಸಾಯಿ ಮೊದಲಾದವರ ಚಿತ್ರಗಳಿಂದ ಹುಂಜ, ಮೀನು, ಕೀಟ, ಹೂಗಳನ್ನು ಆರಿಸಿ, ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದನು. ಅವುಗಳನ್ನು ಕಾಗದಕ್ಕೆ ಅಚ್ಚೊತ್ತಿ, ಕತ್ತರಿಸಿ, ತಟ್ಟೆಗೆ ಅಂಟಿಸಿ ಆವಿಗೆಯಲ್ಲಿ ಸುಡುತ್ತಿದ್ದರು. ಕಾಗದ ಉರಿದುಹೋಗಿ ಗೆರೆ ಉಳಿಯುತ್ತಿತ್ತು. ಆಮೇಲೆ ಕೆಲಸಗಾರರು ಕೈಯಿಂದ ಬಣ್ಣ ತುಂಬುತ್ತಿದ್ದರು.

ಹಾಗಾದರೆ ಇದು ನಕಲೇ? ಪರೀಕ್ಷಾ ಕೊಠಡಿಯಲ್ಲಿ ನಕಲನ್ನು ಎಂದೂ ಸಹಿಸದ ನಾನು ಇಲ್ಲಿ ಬ್ರಾಕ್ಮೊಂನ ಪಕ್ಷ ವಹಿಸುತ್ತೇನೆ. ಗೆರೆ ಎರವಲು, ನಿಜ. ಆದರೆ ಹುಂಜವನ್ನು ತಟ್ಟೆಯ ನಟ್ಟನಡುವೆ ಕೂರಿಸದೆ ಓರೆಗೆ ಸರಿಸಿ, ದೂರದಲ್ಲೊಂದು ಚಿಟ್ಟೆಯನ್ನಿಟ್ಟು, ಮಿಕ್ಕ ಬಿಳಿಯನ್ನು ಹಾಗೆಯೇ ಬಿಟ್ಟ ಧೈರ್ಯ ಅವನದೇ. ಎಡಬಲ ಸಮನಾಗಿರಬೇಕೆಂಬ ಅಲಂಕಾರಕ್ಕೆ ಒಗ್ಗಿದ್ದ ಕಣ್ಣುಗಳಿಗೆ ಅದು ಹೊಸತು. 1867ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಜನ ಮೆಚ್ಚಿದರು.

ಆ ಪಾತ್ರೆಗಳಿಗೆ ನಿಂತ ಹೆಸರು ಮಾತ್ರ ವ್ಯಾಪಾರಿ ರೂಸೋನದು. ಹೊಕುಸಾಯಿ 1849ರಲ್ಲಿಯೇ ತೀರಿಕೊಂಡಿದ್ದನು.