ಕಾಫಿ ತೋಟದಲ್ಲಿ ಮುನಿದ ಯಂತ್ರ

ಮಡಿಕೇರಿಯಿಂದ ನಾಪೋಕ್ಲಿನ ಕಡೆಗೆ ಇಳಿಯುವ ದಾರಿಯ ಸೊಬಗನ್ನು ಸೆಪ್ಟೆಂಬರ್ ತಿಂಗಳ ಮುಂಜಾವಿನಲ್ಲಿ ನೋಡಬೇಕು. ಮೂರು ತಿಂಗಳು ಸುರಿದ ಮಳೆ ಹಿಂದೆಗೆದು, ಸಿಲ್ವರ್ ಮರಗಳನ್ನು ಅಪ್ಪಿದ ಮೆಣಸಿನ ಬಳ್ಳಿಗಳ ಮೇಲೆ ಎಳೆಬಿಸಿಲು ಇಣುಕುತ್ತಿರುತ್ತದೆ. ಗದ್ದೆಗಳಲ್ಲಿ ನಾಟಿ ಮುಗಿದಿರುತ್ತದೆ. ಕೋವಿ ಕತ್ತಿಗಳಿಗೆ ತೋಕ್ ಪೂ ಮುಡಿಸಿ ಪೂಜಿಸುವ ಕೈಲ್ ಪೊಳ್ದ್ ಹಬ್ಬವೂ 3ನೆಯ ತಾರೀಖಿಗೆ ಕಳೆದಿರುತ್ತದೆ. ದಾರಿಹೋಕನ ಕಣ್ಣಿಗೆ ಎಲ್ಲೆಲ್ಲೂ ಹಸಿರು. ತೋಟದ ಯಜಮಾನನ ಕಣ್ಣಿಗೆ ಆ ಹಸಿರಿನಲ್ಲಿ ಅರ್ಧಪಾಲು ಕಳೆ.

ಕೊಯ್ಲಿಗೆ ಮುನ್ನ ಗಿಡಗಳ ಬುಡ ಬೆಳಗಿರಬೇಕು. ಉದುರಿದ ಕಾಯಿ ಹುಲ್ಲಿನಲ್ಲಿ ಮರೆಯಾಗಿ ಉಳಿದರೆ, ಕಾಯಿಕೊರಕ ಹುಳುವು ಅದರಲ್ಲೇ ಅಡಗಿದ್ದು ಮುಂದಿನ ಫಸಲಿಗೆ ಲಗ್ಗೆಯಿಡುತ್ತದೆ. ಕತ್ತಿ ಹಿಡಿದು ಕಳೆ ಸವರುವ ಆಳುಗಳು ಈಗ ಬೇಕೆಂದಾಗ ದೊರೆಯುವುದಿಲ್ಲ. ಆದುದರಿಂದಲೇ ಹೆಗಲಿಗೆ ತೂಗುಹಾಕುವ ಕಳೆ ಕೊಚ್ಚುವ ಯಂತ್ರಕ್ಕೆ ಅಷ್ಟು ಮರ್ಯಾದೆ.

ಇಂತಹ ಒಂದು ತೋಟದಲ್ಲಿ, ಮಳೆ ಬಿಡುವು ಕೊಟ್ಟ ಮೊದಲ ದಿನವೇ ಯಂತ್ರ ಮುನಿಯಿತು. ಹುಡುಗನು ಹಗ್ಗವೆಳೆದು ಎಳೆದು ಬೆವತನು. ಪಡುವಣದಲ್ಲಿ ಮೋಡ ಮತ್ತೆ ಕವಿಯತೊಡಗಿತ್ತು. ಕೊನೆಗೆ ಪಕ್ಕದ ಲೈನಿನಿಂದ ಮುದುಕನೊಬ್ಬನನ್ನು ಕರೆಸಿದರು.

"ಎಷ್ಟು ಸಲ ಎಳೆದೆ, ಮಗ?"

"ಲೆಕ್ಕ ತಪ್ಪಿತು, ಅಜ್ಜ."

"ಹಾಗಾದರೆ ಇನ್ನು ಎಳೆಯಬೇಡ. ಪ್ಲಗ್ ಬಿಚ್ಚು."

ಮುದುಕನ ವಿದ್ಯೆ ಜಾವಾ ಮೋಟಾರು ಸೈಕಲಿನಿಂದ ಬಂದದ್ದು. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬಂಡಿಗಳ ಎಂಜಿನ್ನೂ ಟೂ-ಸ್ಟ್ರೋಕ್ ಜಾತಿಯದೇ. ಒದೆಯುವ ಲಿವರನ್ನೇ ಮಡಿಸಿ ಗೇರಿಗೂ ಬಳಸುವ ಆ ಬಂಡಿಯನ್ನು ಘಟ್ಟದ ತಿರುವುಗಳಲ್ಲಿ ಓಡಿಸಿದವನಿಗೆ ಈ ಪುಟ್ಟ ಯಂತ್ರ ಅಪರಿಚಿತವಾದೀತೆ?

ಟೂ-ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅದರ ಕೀಲುಗಳಿಗೆ ಜಿಡ್ಡು. ಅದು ಕೇಳುವುದು ಮೂರನ್ನೇ: ಕಿಡಿ, ಇಂಧನ, ಉಸಿರು. ಬಿಚ್ಚಿದ ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಬಹುಶಃ ಮಿತಿಮೀರಿ ಬಂದಿದೆ. ಆಗ ಚೋಕ್ ತೆಗೆದು, ಪ್ಲಗ್ ಇಲ್ಲದೆಯೇ ನಾಲ್ಕು ಸಲ ಹಗ್ಗವೆಳೆದು ಒಣಗಿಸಬೇಕು. ಇಲ್ಲಿ ಪ್ಲಗ್ ಒಣಗಿತ್ತು. ಮುದುಕನು ಅದನ್ನು ಒರೆಸಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ತೂತಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಹಗ್ಗವೆಳೆಯಿಸಿದನು. ಕೊಟ್ಟಿಗೆಯ ಮಬ್ಬಿನಲ್ಲಿ ನೀಲಿ ಕಿಡಿ ಚಿಮ್ಮಿತು. ಕಿಡಿ ಉಂಟು, ಇಂಧನವಿಲ್ಲ!

ಟ್ಯಾಂಕಿನಲ್ಲಿದ್ದುದು ಮೇ ತಿಂಗಳ ಪೆಟ್ರೋಲು. ಗಾಜಿನ ಸೀಸೆಗೆ ಸುರಿದರೆ ತಳದಲ್ಲಿ ಬೇರೊಂದು ಪದರ ನಿಂತಿತು. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲು ಗಾಳಿಯ ತೇವವನ್ನು ಹೀರುತ್ತದೆ; ತೇವ ಹೆಚ್ಚಾದರೆ ನೀರಿನೊಡನೆ ತಾನೂ ಬೇರ್ಪಟ್ಟು ಕೆಳಗಿಳಿಯುತ್ತದೆ. ಕೊಡಗಿನ ಮಳೆಗಾಲದಲ್ಲಿ ತೇವಕ್ಕೇನು ಬರ! ಟ್ಯಾಂಕಿನೊಳಗಿನ ಪುಟ್ಟ ಜರಡಿಯೂ ಕಾರ್ಬ್ಯುರೇಟರಿನ ಕಿರುರಂಧ್ರವೂ ಅಂಟು ಕಟ್ಟಿದ್ದವು. ಅವನ್ನು ತೊಳೆದು, ಅಳತೆಯಂತೆ ಎಣ್ಣೆ ಬೆರೆಸಿದ ಹೊಸ ಪೆಟ್ರೋಲು ತುಂಬಿದರು.

ಹಗ್ಗವೆಳೆದರೆ ಯಂತ್ರ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹುಡುಗನ ಮುಖ ಬಾಡಿತು. ಮುದುಕನು ಮಾತಾಡದೆ ಸೈಲೆನ್ಸರಿನ ಬಾಯಿಯನ್ನು ಬೆಳಕಿಗೆ ಹಿಡಿದನು. ಒಳಗೆ ಕೆಂಪು ಮಣ್ಣು! ಮಳೆಗೆ ಹೆದರಿ ಕೊಟ್ಟಿಗೆ ಹೊಕ್ಕ ಕಡಜವೊಂದು ಅಲ್ಲಿ ಅಚ್ಚುಕಟ್ಟಾಗಿ ಗೂಡು ಕಟ್ಟಿ ಬಾಗಿಲು ಮೆತ್ತಿತ್ತು. ಹೊಗೆ ಹೊರಹೋಗದೆ ಹೊಸ ಗಾಳಿ ಒಳಬರುವುದಾದರೂ ಹೇಗೆ?

ತಂತಿಯಿಂದ ಮಣ್ಣನ್ನು ಕೆದಕಿ ತೆಗೆದ ಮೇಲೆ ಎರಡನೆಯ ಎಳೆತಕ್ಕೇ ಯಂತ್ರ ಗರ್ಜಿಸಿತು. ಹುಡುಗನು ಅದನ್ನು ಹೆಗಲಿಗೇರಿಸಿ ಇಳಿಜಾರಿಗೆ ನಡೆದನು. ಮಳೆ ಹನಿಯುವ ವೇಳೆಗೆ ತೋಡಿನ ಅಂಚಿನವರೆಗೂ ಕಾಫಿ ಗಿಡಗಳ ಬುಡ ಕಾಣುತ್ತಿತ್ತು. ಕೊಟ್ಟಿಗೆಯಲ್ಲಿ ಕಡಜ ಮಾತ್ರ, ಯಂತ್ರ ತೂಗಿದ್ದ ಗೂಟದ ಸುತ್ತ ಬಹಳ ಹೊತ್ತು ಸುತ್ತುತ್ತಿತ್ತು.