ಹಕ್ಕಿ ಅಂದ್ರ ಜೀವ

ಬೆಂಗಳೂರಿನಲ್ಲಿ ಮಾಗಡಿ ಅಂದರೆ ಎಲ್ಲರೂ ಮಾಗಡಿ ರೋಡಿನ ಟ್ರಾಫಿಕ್ ನೆನೆಸಿಕೊಳ್ಳುತ್ತಾರೆ. ನಾನು ಹೇಳ್ತಿರೋದು ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗಿನಿಂದ ಲಕ್ಷ್ಮೇಶ್ವರದ ದಾರಿಯಲ್ಲಿ ಸುಮಾರು 26 ಕಿ.ಮೀ. ರಜೆಗೆ ಬೆಟಗೇರಿಗೆ ಬಂದವಳು ಕಾಕಾನ ಬೈಕ್ ಹತ್ತಿ, ಬೆಳಿಗ್ಗೆ ಏಳಕ್ಕೇ ಕೆರೆಯ ಏರಿ ಮೇಲಿದ್ದೆ.

ನೀರಿನ ತುಂಬ ಪಟ್ಟೆತಲೆ ಹೆಬ್ಬಾತುಗಳು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ, ಬಿಸಿಲೇರುವ ಹೊತ್ತಿಗೆ ವಾಪಸ್. ಮಳೆನೀರು ಹಿಡಿಯಲು ಜನ ಕಟ್ಟಿಕೊಂಡ, ಐವತ್ತೇ ಹೆಕ್ಟೇರಿನಷ್ಟರ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ.

'ರಾತ್ರಿ ನಮ್ಮ ಹೊಲ್ದಾಗ ಊಟ, ಹಗಲಿ ಇಲ್ಲಿ ವಿಶ್ರಾಂತಿ. ಬೀಗರ ಇದ್ದಂಗ,' ಅಂದ ಕಾಕಾ.

ಅವನ ಹೊಲ ಕೆರೆಗೆ ಹತ್ತಿರ. ಕಡ್ಲಿ ಹಾಕ್ಯಾನ. ಚಿಗುರು ಬಂದ ಕೂಡಲೇ ಬಾತುಗಳು ಇಳಿಯುತ್ತವೆ.

ನನ್ನ ಆಫೀಸಿನಲ್ಲಿ ಈಗ ಗೋಡೆ ತುಂಬ ಹಸಿರು ಕುಂಡಗಳು. ಅದಕ್ಕೆ 'ಬಯೋಫಿಲಿಕ್ ಡಿಸೈನ್' ಅಂತ ಹೆಸರು. ಬಯೋಫಿಲಿಯಾ ಪದವನ್ನು ಎರಿಕ್ ಫ್ರಾಮ್ 1964ರ ಪುಸ್ತಕದಲ್ಲಿ ಬಳಸಿದ. 1984ರಲ್ಲಿ ಎಡ್ವರ್ಡ್ ವಿಲ್ಸನ್ ಅದೇ ಹೆಸರಿನ ಪುಸ್ತಕ ಬರೆದ ಮೇಲೆ ಅದು ಎಲ್ಲೆಡೆ ಹಬ್ಬಿತು. ಗ್ರೀಕಿನಲ್ಲಿ ಬಯೋಸ್ ಅಂದರೆ ಬದುಕು, ಫಿಲಿಯಾ ಅಂದರೆ ಅಕ್ಕರೆ. ಇದನ್ನೆಲ್ಲ ಕಾಕಾಗೆ ಹೇಳಿ, 'ಕನ್ನಡದಾಗ ಜೀವಪ್ರೇಮ, ನಿಸರ್ಗಪ್ರೇಮ ಅನ್ನಬಹುದು' ಅಂದೆ.

'ಪ್ರೇಮ ಸಿನಿಮಾದಾಗ ಬರತೈತವಾ. ನಾವು ಹಂಗನ್ನಂಗಿಲ್ಲ. ನಿಮ್ಮಜ್ಜಗ ಗಿಡ ಅಂದ್ರ ಜೀವ ಇತ್ತು, ಅಷ್ಟ ಅಂತೀವಿ.'

ಹೌದಲ್ಲ! ಅಕಿಗೆ ಮಗ ಅಂದ್ರ ಜೀವ, ಅವಗ ಎತ್ತಂದ್ರ ಜೀವ. ಗ್ರೀಕಿನ ಎರಡು ಪದ ಜೋಡಿಸಿ ಹೇಳಿದ್ದನ್ನು ನಮ್ಮ ಕಡೆ ಒಂದೇ ಪದದಲ್ಲಿ ಮುಗಿಸುತ್ತಾರೆ. ಪೇಪರಿನವರ 'ಪರಿಸರ ಪ್ರೇಮಿ' ನನಗೆ ಮೊದಲಿಂದಲೂ ಸ್ವಲ್ಪ ಒಣ ಒಣ. ಪರಿಸರ ಅಂದರೆ ಸುತ್ತಮುತ್ತಲಿನ ಜಾಗ, ಅಷ್ಟೇ. ಒಂದು ಸಸಿ ನೆಟ್ಟು ಹತ್ತು ಫೋಟೊ ಹೊಡೆಸಿಕೊಂಡವರಿಗೂ ಆ ಬಿರುದು ಸಿಗುತ್ತದೆ. (ನನ್ನ ಇನ್‌ಸ್ಟಾ ಬಯೋದಲ್ಲೂ ಇತ್ತು. ತೆಗೆದೆ.)

ಮರುದಿನ ಮುಂಡರಗಿ ಕಡೆ ಹೊರಟೆವು. ಡಂಬಳ ದಾಟಿ ಡೋಣಿಯಿಂದ ಕಪ್ಪತಗುಡ್ಡ ಹತ್ತಿದರೆ ಕಪ್ಪತ ಮಲ್ಲೇಶ್ವರನ ಗುಡಿ, ಸುತ್ತ ಗಾಳಿಯಂತ್ರ, ಕಿವಿ ಹಾರಿಹೋಗುವಂಥ ಗಾಳಿ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ. ಒಳಗೆ ಕಬ್ಬಿಣದ ಅದಿರು, ಚಿನ್ನವೂ ಇದೆ. ಅದೇ ಅದಕ್ಕೆ ಕಂಟಕ. 2011ರಲ್ಲಿ ಇದೇ ತಾಲ್ಲೂಕಿನ ಹಳ್ಳಿಗುಡಿ ಭಾಗದಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರಕ್ಕೂ ಹೆಚ್ಚು ಎಕರೆ ಕೇಳಿದಾಗ ರೈತರ ಜೊತೆ ನಿಂತವರು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ. ಕಂಪನಿ ಹಿಂದೆ ಸರಿಯಿತು. 2015ರಲ್ಲಿ ಗುಡ್ಡಕ್ಕೆ ಸಿಕ್ಕ ಸಂರಕ್ಷಿತ ಪ್ರದೇಶದ ಪಟ್ಟ ಮರುವರ್ಷವೇ ಹೋಯಿತು. 2017ರಲ್ಲಿ ಗದಗಿನಲ್ಲಿ ಮತ್ತೆ ಜನ ಧರಣಿ ಕೂತರು, ಪಟ್ಟ ವಾಪಸ್ ಬಂತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು.

ಇಳಿಯುವಾಗ ಕೇಳಿದೆ, 'ಕಾಕಾ, ಬಾತು ಕಡ್ಲಿ ತಿಂದ್ರ ಸಿಟ್ಟು ಬರಂಗಿಲ್ಲೇನು?'

'ಯಾಕ ಬರಂಗಿಲ್ಲ? ಬೀಜ, ಗೊಬ್ಬರ ಎಲ್ಲಾ ಸಾಲದ್ದು. ಹ್ವಾದ ವರ್ಷ ಅರ್ಧಾ ಹೊಲ ಮೇದ್ವು. ಡಬ್ಬಿ ಬಡೀತೀನಿ, ಒದರ್ತೀನಿ. ಪಟಾಕಿ ಮಾತ್ರ ಹಚ್ಚಂಗಿಲ್ಲ. ಅಷ್ಟು ದೂರದಿಂದ ಬಂದಾವ, ಎದಿ ಒಡದು ಸತ್ತ್ರ?'

ಆ ಡಬ್ಬಿಯಿಂದ ಕಡ್ಲಿ ಉಳಿಯೋದು ಅಷ್ಟಕ್ಕಷ್ಟೇ. ಫೋಟೊ ಹೊಡೆದು ಹೋಗುವ ನಮ್ಮಂಥವರು ಹಕ್ಕಿಗೆ ಒಂದು ಕಾಳೂ ಕೊಡೋದಿಲ್ಲ.

ರಾತ್ರಿ ಊಟದ ಮೇಲೆ ಕಾಕಾ ಮಡಚಿದ ಹಾಳೆ ತಂದ. ಬೆಳೆ ಪರಿಹಾರದ ಅರ್ಜಿ. ಎರಡು ಸಲ ಕೊಟ್ಟಿದ್ದನಂತೆ. ಕಾಗದ ಸರಿಯಿಲ್ಲ ಅಂತ ವಾಪಸ್ ಬಂದಿತ್ತು. ಪಹಣಿ ಜೋಡಿಸಿ, ಸರ್ವೆ ನಂಬರ್ ತಿದ್ದಿ, ಹಾನಿಯ ಕಾರಣದ ಮುಂದೆ 'ವಲಸೆ ಹಕ್ಕಿಗಳು' ಅಂತ ಬರೆದೆ. ಕಾಕಾ ಕನ್ನಡಕ ಏರಿಸಿ ಓದಿದ.

'ಬರೋಬರಿ ಐತಿ. ಅವನ್ನ ಓಡಸ್ರಿ ಅಂತ ಎಲ್ಲೂ ಬರದಿಲ್ಲ ಹೌದಿಲ್ಲೊ?'

'ಇಲ್ಲ ಕಾಕಾ.'

'ಹಂಗಾರ ತಾ, ಸಹಿ ಹಾಕ್ತೀನಿ.'