ಹಕೋನೆಯ ಗುಟ್ಟಿನ ಪೆಟ್ಟಿಗೆ

ಗಂಟನ್ನು ಬಿಡಿಸುವುದಕ್ಕೂ ಒಗಟನ್ನು ಬಿಡಿಸುವುದಕ್ಕೂ ನಮ್ಮ ಭಾಷೆಯಲ್ಲಿರುವುದು ಒಂದೇ ಕ್ರಿಯಾಪದ. ತರಗತಿಯಲ್ಲಿ ಈ ಮಾತನ್ನು ಎಷ್ಟೋ ಸಲ ಹೇಳಿ ವಿದ್ಯಾರ್ಥಿಗಳಿಂದ ತಲೆದೂಗಿಸಿಕೊಂಡಿದ್ದೇನೆ. ಆದರೆ ಅದರ ತಾತ್ಪರ್ಯ ನನ್ನ ಬುದ್ಧಿಯಿಂದಿಳಿದು ಬೆರಳುಗಳಿಗೆ ತಲುಪಿದ್ದು ಜಪಾನಿನ ಒಂದು ಬೆಟ್ಟದ ಹಳ್ಳಿಯಲ್ಲಿ.

ನನಗೊಂದು ವಿಚಿತ್ರ ಹವ್ಯಾಸವುಂಟು. ಕೈಯಲ್ಲಿ ಹಿಡಿದು ಬಿಡಿಸಬೇಕಾದ ಒಗಟುಗಳನ್ನು ಕೂಡಿಡುವುದು. ಒಂದರೊಳಗೊಂದು ತೊಡರಿಕೊಂಡ ತಂತಿಗಳು, ಆರು ಮರದ ತುಂಡುಗಳು ಸೇರಿ ಆಗುವ ಗಂಟು, ಒಂಬತ್ತು ಬಳೆಗಳನ್ನು ಒಂದು ಸರಳಿನಿಂದ ಕಳಚಬೇಕಾದ ಚೀನೀ ಯಂತ್ರ, ಇತ್ಯಾದಿ. ಆ ಒಂಬತ್ತು ಬಳೆಗಳನ್ನು ಕಳಚಲು ತಪ್ಪಿಲ್ಲದೆ ಆಡಿದರೂ 341 ನಡೆಗಳು ಬೇಕು! ನಮ್ಮ ಮನೆಯಾಕೆ ಈ ಸಂಗ್ರಹವನ್ನು ‘ಗುಜರಿ’ ಎಂದು ಕರೆಯುತ್ತಾಳೆ. ಅಮೆರಿಕದ ಜೆರ್ರಿ ಸ್ಲೋಕಮ್ ಎಂಬಾತ ಇಂಥ ಒಗಟುಗಳನ್ನು 30,000ಕ್ಕೂ ಹೆಚ್ಚು ಕೂಡಿಸಿ, ಇಂಡಿಯಾನಾ ವಿಶ್ವವಿದ್ಯಾನಿಲಯದ ಲಿಲ್ಲಿ ಗ್ರಂಥಾಲಯಕ್ಕೆ ಕೊಟ್ಟನೆಂದು ನಾನು ವಾದಿಸಿದರೆ, “ಹಾಗಾದರೆ ನೀವೂ ಯಾರಿಗಾದರೂ ಕೊಟ್ಟುಬಿಡಿ” ಎನ್ನುತ್ತಾಳೆ.

ಹೀಗಿರುವಾಗ, ಯೊಕೊಹಾಮಾದಲ್ಲಿರುವ ಅಕ್ಕ-ಭಾವ ಬೇಸಗೆಯ ರಜೆಗೆ ಕರೆದರೆ ಬಿಡುವುದುಂಟೆ? ಹೋದವನ ಮೊದಲ ಬೇಡಿಕೆಯೇ ಹಕೋನೆ. ಭಾವನವರಿಗೆ ಬಿಡುವಿರಲಿಲ್ಲ. ಹತ್ತು ವರ್ಷದ ಸೊಸೆ ಚಿತ್ರಾ ದುಭಾಷಿಯಾಗಿ ನನ್ನ ಜೊತೆ ಹೊರಟಳು. ಒದವಾರದವರೆಗೆ ದೊಡ್ಡ ರೈಲು, ಅಲ್ಲಿಂದ ಹಕೋನೆ-ಯುಮೊತೊವರೆಗೆ ಸಣ್ಣ ರೈಲು, ಆಮೇಲೆ ಬಸ್ಸು. ಬಿಸಿನೀರಿನ ಬುಗ್ಗೆಗಳ ಆ ಪೇಟೆಯನ್ನು ದಾಟಿದೊಡನೆಯೇ ದಾರಿ ಹಾವಿನಂತೆ ಸುತ್ತುತ್ತ ಬೆಟ್ಟವನ್ನೇರತೊಡಗಿತು. ಮಂಜು, ದೇವದಾರಿನಂತಹ ಎತ್ತರದ ಮರಗಳು, ತೊಟ್ಟಿಕ್ಕುವ ಮೌನ. ನನಗೆ ನಮ್ಮ ಆಗುಂಬೆ ನೆನಪಾಯಿತು.

ಹಿಂದೆ ಎದೊ, ಅಂದರೆ ಇಂದಿನ ಟೋಕಿಯೊ, ನಗರದಿಂದ ಕ್ಯೋಟೊಗೆ ಹೋಗುತ್ತಿದ್ದ ತೊಕಾಯಿದೊ ಹೆದ್ದಾರಿ ಈ ಬೆಟ್ಟವನ್ನು ಹತ್ತಿಯೇ ಹೋಗಬೇಕಾಗಿತ್ತು. ಅದರ 53 ತಂಗುದಾಣಗಳಲ್ಲಿ ಹಕೋನೆ ಹತ್ತನೆಯದು. 1619ರಲ್ಲಿ ಇಲ್ಲೊಂದು ಕಾವಲುಕಟ್ಟೆ ಸ್ಥಾಪಿತವಾಯಿತು. ರಾಜಧಾನಿಯಿಂದ ಹೆಂಗಸರು ಹೊರಬೀಳಕೂಡದು ಎಂಬುದು ಅಲ್ಲಿಯ ಕಟ್ಟುಪಾಡು. ಪಾಳೆಯಗಾರರ ಹೆಂಡತಿ-ಮಕ್ಕಳನ್ನು ಒತ್ತೆಯಾಗಿರಿಸಿಕೊಂಡಿದ್ದ ಷೋಗನ್ ಪ್ರಭುವಿಗೆ, ಅವರು ತಪ್ಪಿಸಿಕೊಂಡರೆ ದಂಗೆಯೇಳುವುದು ಖಚಿತವೆಂಬ ಭಯ! 1869ರಲ್ಲಿ ಮುಚ್ಚಿಹೋದ ಆ ಕಟ್ಟೆಯನ್ನು ಈಗ ಮೊದಲಿದ್ದಂತೆಯೇ ಕಟ್ಟಿ ನಿಲ್ಲಿಸಿದ್ದಾರೆ. ಮುಚ್ಚಿಡುವುದೂ ಹುಡುಕುವುದೂ ಇಷ್ಟು ಕಾಲ ನಡೆದ ನೆಲದಲ್ಲಿ ಗುಟ್ಟಿನ ಪೆಟ್ಟಿಗೆ ಹುಟ್ಟಿದ್ದು ನನಗೇನೋ ಸಹಜವೆಂದೇ ತೋರಿತು.

ನಾವು ಇಳಿದದ್ದು ಹತಾಜುಕು ಎಂಬ ಹಳ್ಳಿಯಲ್ಲಿ. ಕಲ್ಲು ಹಾಸಿದ ಹಳೆಯ ಹೆದ್ದಾರಿಯ ತುಣುಕು ಇಲ್ಲಿ ಇನ್ನೂ ಪಾಚಿಗಟ್ಟಿಕೊಂಡು ಉಳಿದಿದೆ. 19ನೆಯ ಶತಮಾನದ ಮೊದಲ ಭಾಗದಲ್ಲಿ ಇಷಿಕಾವಾ ನಿಹೆಯಿ ಎಂಬ ಈ ಊರಿನ ಕುಶಲಿ ‘ಯೊಸೆಗಿ’ ಎಂಬ ಕೆಲಸವನ್ನು ಆರಂಭಿಸಿದನಂತೆ. ಬಗೆಬಗೆಯ ಮರಗಳನ್ನು ಸಣ್ಣ ಕಡ್ಡಿಗಳಾಗಿ ಕೊಯ್ದು, ಅಂಟು ಹಚ್ಚಿ ಕೂಡಿಸಿ, ದಿಮ್ಮಿ ಮಾಡುತ್ತಾರೆ. ಬಿಳುಪು, ಹಳದಿ, ಕಂದು, ಹಸುರುಛಾಯೆ ಎಲ್ಲವೂ ಮರದ ಸ್ವಂತ ಬಣ್ಣಗಳೇ. ಅನಂತರ ಆ ದಿಮ್ಮಿಯ ಮೇಲೆ ಕೀಸುಳಿಯನ್ನೆಳೆದರೆ ಕಾಗದದಂಥ ಹಾಳೆ ಸುರುಳಿ ಸುತ್ತಿಕೊಂಡು ಏಳುತ್ತದೆ. ಹಾಳೆಯ ತುಂಬ ರಂಗವಲ್ಲಿ. ಅದನ್ನು ಪೆಟ್ಟಿಗೆಗೆ ಅಂಟಿಸಿದರೆ ಮುಚ್ಚಳವೆಲ್ಲಿ, ಸಂದು ಎಲ್ಲಿ ಎಂಬುದು ಕಣ್ಣಿಗೆ ತಿಳಿಯುವುದೇ ಇಲ್ಲ. 1984ರಲ್ಲಿ ಜಪಾನ್ ಸರ್ಕಾರ ಇದನ್ನು ಪಾರಂಪರಿಕ ಕಲೆಯೆಂದು ಮಾನ್ಯಮಾಡಿತು. ನಮ್ಮ ಚನ್ನಪಟ್ಟಣದ ಬಾವಾಸ್ ಮಿಯಾನ್ ಅವರು ಅರಗಿನ ಬೊಂಬೆಗಳಿಗೆ ಜಪಾನೀ ವಿಧಾನಗಳನ್ನು ಅಳವಡಿಸಿದರೆಂಬ ಮಾತು ನೆನಪಾಗಿ, ಆ ಅಂಗಡಿಯ ಮರದ ವಾಸನೆ ಅಷ್ಟು ಪರಕೀಯವೆನಿಸಲಿಲ್ಲ.

ಅಂಗಡಿಯ ವೃದ್ಧರು ಹತ್ತು ನಡೆಗಳ ಪೆಟ್ಟಿಗೆಯೊಂದನ್ನು ನನ್ನ ಕೈಗಿತ್ತರು. ಬೀಗವಿಲ್ಲ, ಕೀಲಿಯಿಲ್ಲ. ಪಕ್ಕದ ಹಲಗೆಯನ್ನು ಕೂದಲೆಳೆಯಷ್ಟು ಸರಿಸಿದರೆ ಇನ್ನೊಂದು ಪಕ್ಕಕ್ಕೆ ದಾರಿ ಬಿಡುತ್ತದೆ; ಅದು ಸರಿದರೆ ಮೊದಲಿನದಕ್ಕೆ ಇನ್ನಷ್ಟು ಅವಕಾಶ. ಹೀಗೆ ಒಂದಕ್ಕೊಂದು ಅಪ್ಪಣೆ ಕೊಡುತ್ತ ಹೋಗಿ ಕೊನೆಗೆ ಮೇಲಿನ ಮುಚ್ಚಳ ಜಾರಬೇಕು. ನಾಲ್ಕು ನಡೆಗಳಿಂದ ಹಿಡಿದು ಎಪ್ಪತ್ತೆರಡು ನಡೆಗಳವರೆಗಿನ ಪೆಟ್ಟಿಗೆಗಳುಂಟು. ಐದನೆಯ ನಡೆಯವರೆಗೆ ನಾನು ಪಂಡಿತನಂತೆ ಮುಂದುವರಿದೆ. ಆರನೆಯದು ಒಪ್ಪಲಿಲ್ಲ. ಹೆಬ್ಬೆರಳನ್ನು ಒತ್ತಿ ನೂಕಿದೆ. ವೃದ್ಧರು ಮೆಲ್ಲನೆ ಕೈ ಅಡ್ಡ ಹಿಡಿದು ಏನೋ ಹೇಳಿದರು.

“ಮಾವ, ಬಲ ಹಾಕಬಾರದಂತೆ. ಸರಿಯಾದ ನಡೆಗೆ ಬಲವೇ ಬೇಡವಂತೆ” ಎಂದಳು ಚಿತ್ರಾ.

ನನ್ನ ಮುಖ ಬಿಸಿಯಾಯಿತು. ಅದು ಆ ವೃದ್ಧರ ಮುಂದೆ ಆದ ನಾಚಿಕೆಯಲ್ಲ.

ನನಗೆ ಹನ್ನೊಂದು ವರ್ಷವಾಗಿದ್ದಾಗ ತಂದೆ ನಂಜನಗೂಡಿನ ಜಾತ್ರೆಯಲ್ಲಿ ತಿರುಚಿದ ಎರಡು ಮೊಳೆಗಳ ಒಗಟೊಂದನ್ನು ಕೊಡಿಸಿದ್ದರು. ಅವರು ಹಳ್ಳಿಯ ಶಾಲೆಯ ಮೇಷ್ಟರು, ಮಿತಭಾಷಿ. ಮೂರು ದಿನ ಹೆಣಗಿದರೂ ಮೊಳೆಗಳು ಬೇರೆಯಾಗಲಿಲ್ಲ. ನಾಲ್ಕನೆಯ ದಿನ ಇಕ್ಕಳದಿಂದ ಒಂದನ್ನು ಬಗ್ಗಿಸಿ ಬಿಡಿಸಿದೆ. “ಬಿಡಿಸಿದೆ ಅಣ್ಣಾ” ಎಂದು ಹೇಳಿದೆ. ತಂದೆಯನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದುದು. ಅವರು ಎರಡೂ ಮೊಳೆಗಳನ್ನು ಬೆಳಕಿಗೆ ಹಿಡಿದು ನೋಡಿ, “ಬಿಡಿಸಿದವನಿಗೆ ಸೇರಿಸುವುದೂ ತಿಳಿದಿರುತ್ತದೆ. ಸೇರಿಸಿ ತಾ, ಮಗು” ಎಂದಷ್ಟೇ ಹೇಳಿದರು. ನಾನು ಸೇರಿಸಲಿಲ್ಲ. ಮೊಳೆಗಳು ಎಲ್ಲೋ ಕಳೆದವೆಂದು ಇನ್ನೊಂದು ಸುಳ್ಳು ಹೇಳಿ, ಅಟ್ಟದ ಮೇಲೆ ಎಸೆದೆ. ಅವರು ಮತ್ತೆಂದೂ ಕೇಳಲಿಲ್ಲ. ಈ ನನ್ನ ಸಂಗ್ರಹವೆಲ್ಲ ಆ ಎರಡು ಮೊಳೆಗಳ ಸಾಲವೋ ಏನೋ. ಅದನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ಎರಡು ವರ್ಷಗಳ ಹಿಂದೆ ಅವರು ತೀರಿಕೊಂಡರು.

ಪೆಟ್ಟಿಗೆಯನ್ನು ಚಿತ್ರಾಳ ಕೈಗಿತ್ತೆ. ಅವಳು ಕಿವಿಗೊಟ್ಟು ಕೇಳುವವಳಂತೆ ಕುಳಿತು, ಒಂದು ಹಲಗೆಯನ್ನು ಹಿಂದಕ್ಕೆ ಸರಿಸಿದಳು. ಅಷ್ಟೇ! ಮುಂದೆ ಹೋಗಲು ನಡುವೆ ಒಂದು ಹೆಜ್ಜೆ ಹಿಂದಿಡಬೇಕಾಗಿತ್ತು. ಮುಚ್ಚಳ ಜಾರಿತು. ಒಳಗೆ ಏನೂ ಇರಲಿಲ್ಲ. ನಯವಾದ ಮರ ಮಾತ್ರ. ವೃದ್ಧರು ನಗುತ್ತ ಮತ್ತೇನೋ ಹೇಳಿದರು.

“ಏನಂತೆ?” ಎಂದೆ.

“ಈಗ ಮುಚ್ಚಬೇಕಂತೆ ಮಾವ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕಂತೆ.”

ಆ ಪೆಟ್ಟಿಗೆಯನ್ನೇ ಕೊಂಡುಕೊಂಡೆ. ಈ ಹಳೆಯ ವಿದ್ಯೆಯನ್ನು ಹೊಸ ರೂಪಗಳಲ್ಲಿ ಬೆಳೆಸಲೆಂದು ಅಕಿಯೊ ಕಮೆಯಿ ಮುಂತಾದ ಕುಶಲಿಗಳು 1999ರಲ್ಲಿ ಒಂದು ಬಳಗವನ್ನೇ ಕಟ್ಟಿದ್ದಾರೆ. ಅವರ ಕೈಚಳಕದ ಪೆಟ್ಟಿಗೆಗಳನ್ನು ನೋಡಬೇಕೆಂದು ಚಿತ್ರಾ ಹಟಹಿಡಿದರೂ ಆ ದಿನ ನನಗೆ ಇನ್ನೊಂದನ್ನು ನೋಡುವ ಮನಸ್ಸಾಗಲಿಲ್ಲ.

ಊರಿಗೆ ಮರಳಿದ ಮೇಲೆ ಹಳ್ಳಿಯ ಮನೆಗೆ ಹೋಗಿ ಅಟ್ಟವನ್ನೆಲ್ಲ ಹುಡುಕಿದೆ. ಮೊಳೆಗಳು ಸಿಕ್ಕಲಿಲ್ಲ. ಸಿಕ್ಕಿದ್ದು ತಂದೆಯ ಮೇಜಿನ ಖಾನೆಯಲ್ಲಿ, ಮಸಿಯ ಕುಡಿಕೆ, ಸೀಸದ ಕಡ್ಡಿಗಳ ನಡುವೆ. ಒಂದು ಮೊಳೆಯ ಬಾಗಿನಲ್ಲಿ ಇಕ್ಕಳದ ಹಲ್ಲಿನ ಗುರುತು. ಅದರ ಮೇಲೆ ಸುತ್ತಿಗೆಯಿಂದ ತಟ್ಟಿ ಮೊದಲಿನ ಬಾಗಿಗೆ ತಂದ ಗುರುತು. ಎರಡನ್ನೂ ಒಂದರೊಳಗೊಂದು ಸೇರಿಸಿಟ್ಟಿದ್ದರು. ಅವರಿಗೆ ಎಲ್ಲವೂ ತಿಳಿದಿತ್ತು. ನಾನು ಹೇಳಲಿ ಎಂದು ಕಾದಿದ್ದರು.

ಜಗಲಿಯ ಮೇಲೆ ಕುಳಿತೆ. ದೀಪ ಹಚ್ಚುವ ಹೊತ್ತಿಗೆ, ಬಲವಿಲ್ಲದ ಒಂದು ತಿರುವಿನಲ್ಲಿ, ಮೊಳೆಗಳು ತಾವಾಗಿಯೇ ಬೇರೆಯಾದವು. ಸ್ವಲ್ಪ ಹೊತ್ತು ಎರಡು ಕೈಗಳಲ್ಲೂ ಒಂದೊಂದನ್ನು ಹಿಡಿದು ಸುಮ್ಮನೆ ಕುಳಿತಿದ್ದೆ. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಸೇರಿಸಿ, ತಂದೆಯ ಖಾನೆಯಲ್ಲಿ, ಇದ್ದ ಕಡೆಯಲ್ಲೇ ಇಟ್ಟೆ.